ಬಾಗಿಲಲ್ಲಿಟ್ಟು ಬಂದ ಬಾಣಂತನ

ಆ ಚಳಿಗಾಲದಲ್ಲಿ ನನ್ನನ್ನು "ಯಾತಕ್ಕೆ ಹೊರಟಿದ್ದೀರಿ?" ಎಂದು ಕೇಳಿದಷ್ಟು ಸಲ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಕೇಳುತ್ತಿದ್ದವರು ಐರ್ಲೆಂಡಿನ ಪೊಲೀಸರು. ಇಲ್ಲಿ ಅವರನ್ನು ಗಾರ್ಡ ಎನ್ನುತ್ತಾರೆ. ಕೋವಿಡ್ಡಿನ ಮೂರನೇ ಲಾಕ್‌ಡೌನ್ ನಡೆಯುತ್ತಿತ್ತು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದು, ದಾಟಿದರೆ ತಕ್ಕ ಕಾರಣ ಇರಬೇಕು. ನಾನಿದ್ದದ್ದು ಮೇನೂತ್‌ನಲ್ಲಿ, ನನ್ನ ತಂಗಿ ಇದ್ದದ್ದು ಡಬ್ಲಿನ್ನಿನ ಪಶ್ಚಿಮಕ್ಕಿರುವ ಕ್ಲಾಂಡಾಲ್ಕಿನ್‌ನಲ್ಲಿ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅವಳು ಹೆತ್ತು ಎರಡು ವಾರವಾಗಿತ್ತು. ದಾರಿಯಲ್ಲಿ ಲೂಕನ್ ಹತ್ತಿರ ರಸ್ತೆಯ ಮೇಲೆ ಕಿತ್ತಳೆ ಬಣ್ಣದ ಕೋನುಗಳನ್ನು ಜೋಡಿಸಿಕೊಂಡು ಒಬ್ಬ ಗಾರ್ಡ ನಿಂತಿರುತ್ತಿದ್ದರು. ಕಿಟಕಿ ಇಳಿಸಿದರೆ ಬಗ್ಗಿ ಅದೇ ಪ್ರಶ್ನೆ. ನಾನು ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ್ದ ಡಬ್ಬಗಳ ಚೀಲ ತೋರಿಸಿ, ತಂಗಿ ಬಾಣಂತಿ, ಅವಳಿಗೆ ಊಟ ತಲುಪಿಸಬೇಕು ಎನ್ನುತ್ತಿದ್ದೆ. "ಗ್ರ್ಯಾಂಡ್, ಹೋಗಿ" ಎಂದು ಕೈ ಬೀಸುತ್ತಿದ್ದರು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಸರಿ ಎಂದಷ್ಟೇ ಅರ್ಥ.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನಗೆ ಮೈ ಉರಿಯುತ್ತಿತ್ತು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನನ್ನ ಉದ್ಯೋಗವೇ ಆ ಪ್ರಶ್ನೆಯಾಗಿತ್ತು. ಯಾವುದು ಯಾತಕ್ಕಾಗಿ ಇದೆ, ಯಾವುದರ ಕೆಲಸ ಏನು, ಹಾಗೆಂದು ಹೇಳುವವರು ಯಾರು ಎಂಬುದನ್ನೇ ಅರೆಯುವ ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಸಹಾಯಕನಾಗಿದ್ದೆ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಇಲ್ಲಿಗೆ ಬಂದು ತತ್ವಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡಿದ್ದೆ. ಎರಡೂ ಕಡೆಯವರ ಭಾಷೆ ಬರುತ್ತದೆ ಎಂದು ನನ್ನನ್ನು ತೆಗೆದುಕೊಂಡಿದ್ದರು. ಕೆಲಸಕ್ಕೆ ಸೇರಿದ ಮೇಲೆ ಎರಡೂ ಕಡೆಯವರು ನನ್ನನ್ನು ಇನ್ನೊಂದು ಕಡೆಯವನು ಎಂದೇ ನೋಡಿದರು.

ಯೋಜನೆಯಲ್ಲಿ ನಾಲ್ಕು ಜನ ಪ್ರೊಫೆಸರುಗಳು, ನಾಲ್ಕು ವಿಷಯ: ಜೀವಶಾಸ್ತ್ರ, ಎಂಜಿನಿಯರಿಂಗ್, ಸಮಾಜಶಾಸ್ತ್ರ, ತತ್ವಶಾಸ್ತ್ರ. ನನ್ನ ಕೆಲಸ ಕೇಳಲು ಬಹಳ ಸುಲಭ. ಉದ್ದೇಶ ಎಂದರೇನು, ಕಾರ್ಯ ಎಂದರೇನು ಎಂದು ಒಂದೇ ಒಂದು ಪುಟ ಬರೆಯಬೇಕು, ಆ ಪುಟವನ್ನು ನಾಲ್ಕೂ ಜನ ಒಪ್ಪಬೇಕು. ಮಾರ್ಚ್ ಕೊನೆಯ ಹೊತ್ತಿಗೆ ಒಪ್ಪಿದ ಪುಟ ಕೈಯಲ್ಲಿರಬೇಕು. ಆ ಒಂದು ಪುಟಕ್ಕೆ ನಾನು ಅಷ್ಟು ಹೊತ್ತಿಗೆ ಹತ್ತೊಂಬತ್ತು ಕರಡು ಬರೆದಿದ್ದೆ.

ಜೀವಶಾಸ್ತ್ರದವರಿಗೆ ಉದ್ದೇಶ ಎಂಬ ಪದ ಕಂಡರಾಗದು. ಹೃದಯ ರಕ್ತ ನೂಕುವುದಕ್ಕಾಗಿ ಇದೆ ಎಂದು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದರು. ನೂಕಿದ ಹೃದಯಗಳಿದ್ದ ಪ್ರಾಣಿಗಳು ಉಳಿದವು, ಅದರಿಂದ ನೂಕುವ ಹೃದಯ ಉಳಿಯಿತು, ಅಷ್ಟೇ ಬರೆಯಿರಿ ಎನ್ನುತ್ತಿದ್ದರು. ಎದೆಯ ಢವಢವ ಸದ್ದು ಅವರ ಪ್ರಕಾರ ಕಾರ್ಯವೇ ಅಲ್ಲ, ಜೊತೆಗೆ ಬಂದದ್ದು. ಎಂಜಿನಿಯರಿಂಗಿನವರಿಗೆ ಇದೆಲ್ಲ ಕಾಲಹರಣ. ಯಾರಿಗೆ ಬೇಕು, ಏನು ಮಾಡಬೇಕು ಎಂದು ಮೊದಲೇ ಬರೆದುಕೊಟ್ಟಿರುತ್ತಾರಲ್ಲ, ಅದು ಕಾರ್ಯ. ಬರೆದುಕೊಡದೇ ಇದ್ದದ್ದು ಏನೇ ಆಗಲಿ, ಅದು ನಮ್ಮ ತಲೆನೋವಲ್ಲ. ತತ್ವಶಾಸ್ತ್ರದವರು ವಯಸ್ಸಾದವರು. ವಿಡಿಯೊ ಮೀಟಿಂಗಿನಲ್ಲಿ ಅವರ ಹಣೆ ಮತ್ತು ಮನೆಯ ಸೀಲಿಂಗು ಮಾತ್ರ ಕಾಣಿಸುತ್ತಿದ್ದವು. ಎಲ್ಲರೂ ಇನ್ನೇನು ಒಪ್ಪಿದರು ಎನ್ನುವಾಗ ಆ ಹಣೆ ಅಲುಗಾಡಿ, "ಕೆಟ್ಟು ಕೂತ ಕೆಟಲ್ ಇದೆ ಅಂದುಕೊಳ್ಳಿ. ನೀರು ಕಾಯಿಸಲ್ಲ. ಆದರೂ ಅದು ನೀರು ಕಾಯಿಸುವುದಕ್ಕೇ ಇರುವುದು. ಈಗ ಆ ಉದ್ದೇಶ ಎಲ್ಲಿದೆ?" ಎನ್ನುತ್ತಿತ್ತು. ಮತ್ತೆ ಒಂದು ಗಂಟೆ ಕೋಳಿಜಗಳ. ಯಾರೋ ಮ್ಯೂಟ್ ತೆಗೆಯದೆ ಐದು ನಿಮಿಷ ಕೈ ಬೀಸಿ ವಾದಿಸುತ್ತಿದ್ದರು, ಅದನ್ನು ಅವರಿಗೆ ಹೇಳುವ ಕೆಲಸವೂ ನನ್ನದೇ.

ಸಮಾಜಶಾಸ್ತ್ರದವರು ಒಬ್ಬರೇ ಹೆಂಗಸು, ಮಾತು ಕಡಿಮೆ. ಜನವರಿಯಲ್ಲಿ ಅವರ ಚಿಕ್ಕಪ್ಪ ತೀರಿಕೊಂಡರು. ಈ ದೇಶದಲ್ಲಿ ಯಾರಾದರೂ ಸತ್ತರೆ ಹೆಣವನ್ನು ಮನೆಯಲ್ಲಿಟ್ಟು, ಊರವರೆಲ್ಲ ಬಂದು ಪಕ್ಕದಲ್ಲಿ ಕೂತು, ಅಡುಗೆಮನೆಯಲ್ಲಿ ಚಹಾ ಕುಡಿದು ಸ್ಯಾಂಡ್‌ವಿಚ್ಚು ತಿನ್ನುವ ಪದ್ಧತಿ ಇದೆ. ಆ ವರ್ಷ ಅದಕ್ಕೆಲ್ಲ ತಡೆ. ಆಕೆ ಮೀಟಿಂಗಿನಲ್ಲಿ ಹೇಳಿದ್ದು ಇಷ್ಟು. ಪಕ್ಕದ ಮನೆಯವರು ಸ್ಯಾಂಡ್‌ವಿಚ್ಚನ್ನು ಬುಟ್ಟಿಯಲ್ಲಿ ಗೇಟಿನ ಹತ್ತಿರ ಇಟ್ಟುಹೋದರಂತೆ. ಚಿಕ್ಕಮ್ಮ ಅದನ್ನು ಒಳಗೆ ತಂದು ಹಾಗೇ ಇಟ್ಟರಂತೆ, ಯಾರೂ ಮುಟ್ಟಲಿಲ್ಲವಂತೆ. "ಅದು ಯಾವತ್ತೂ ತಿನ್ನುವುದಕ್ಕಿದ್ದದ್ದಲ್ಲ" ಎಂದರು. ಆ ಮಾತನ್ನು ನಾನು ಮೀಟಿಂಗಿನ ಟಿಪ್ಪಣಿಯಲ್ಲಿ ಅಕ್ಷರ ತಪ್ಪದೆ ಬರೆದುಕೊಂಡೆ. ಬರೆದುಕೊಂಡು, ಮೀಟಿಂಗು ಮುಗಿದ ಕೂಡಲೇ ಎದ್ದು, ಮಾರನೇ ದಿನ ತಂಗಿಗೆ ಒಯ್ಯುವ ಅಡುಗೆಗೆ ಬೆಳ್ಳುಳ್ಳಿ ಸುಲಿಯಲು ಹೋದೆ. ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಬಾಣಂತನ ಮಾಡಬೇಕಾದವರು ಅಮ್ಮ. ಮಗಳಿಗೆ ಏಳನೇ ತಿಂಗಳು ಎನ್ನುವಾಗಲೇ ಸೂಟ್‌ಕೇಸು ತುಂಬಿ ಮೈಸೂರಿನ ಮನೆಯ ಬಾಗಿಲ ಹಿಂದೆ ನಿಲ್ಲಿಸಿದ್ದರು. ಅಂಟಿನುಂಡೆಗೆ ಬೇಕಾದ ಗೋಂದು, ಬಜೆ, ಸಾಂಬ್ರಾಣಿ, ಹರಳೆಣ್ಣೆ, ಕಟ್ಟಲು ಮೆತ್ತಗಿನ ಹಳೇ ಸೀರೆ ಎಲ್ಲ ಅದರಲ್ಲಿತ್ತು. ಆದರೆ ವೀಸಾ ಇಲ್ಲ, ವಿಮಾನವೂ ಇಲ್ಲ. ತಂಗಿಯ ಗಂಡನಿಗೆ ಎರಡು ಗಂಟೆ ದಾರಿಯ ಗಾಲ್ವೇ ಊರಿನ ಪಾರ್ಕ್‌ಮೋರ್‌ನಲ್ಲಿ ಕೆಲಸ, ಆಸ್ಪತ್ರೆಗೆ ಬೇಕಾದ ಟ್ಯೂಬುಗಳನ್ನು ಮಾಡುವ ಕಂಪನಿ. ಅಂಥವರು ಆ ವರ್ಷ ಅಗತ್ಯ ನೌಕರರು. ಮಗು ಹುಟ್ಟಿದಾಗ ಸಿಕ್ಕ ಎರಡು ವಾರದ ರಜೆ ಮುಗಿಸಿ ಹೊರಟುಹೋದ. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿ ಇರುತ್ತಿದ್ದ. ತಂಗಿ ಬೆಂಗಳೂರಿನಿಂದ ಇಲ್ಲಿಗೆ ಬಂದ ಸಾಫ್ಟ್‌ವೇರ್ ಎಂಜಿನಿಯರ್, ಹೆರಿಗೆ ರಜೆಯಲ್ಲಿದ್ದಳು. ಹದಿನೈದು ದಿನದ ಹೆಣ್ಣು ಪಾಪು, ಅವಳು, ಬಾಡಿಗೆಯ ಮಹಡಿ ಮನೆ. ಹಾಗೆ ಬಾಣಂತನ ನನ್ನ ಪಾಲಿಗೆ ಬಂತು.

"ನೀನಿದೀಯಲ್ಲ ಅಲ್ಲಿ, ಅದೇ ನನಗೆ ಧೈರ್ಯ. ಎಲ್ಲ ಬರ್ದು ಕಳಿಸ್ತೀನಿ, ಅದರಂತೆ ಮಾಡು" ಎಂದರು ಅಮ್ಮ ಫೋನಿನಲ್ಲಿ. ಅವರ ಕೈಬರಹದ ಎರಡು ಹಾಳೆಯ ಫೋಟೊ ಬಂತು. ಎಲ್ಲವೂ ಅದರಲ್ಲಿತ್ತು. ಮೆಣಸು ಜೀರಿಗೆ ಸಾರು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಹಾಲು ಚೆನ್ನಾಗಿ ಬರಲಿ ಎಂದು. ಓಮದ ನೀರು. ವಾರಕ್ಕೆರಡು ಸಲ ಎಣ್ಣೆ ನೀರು, ತಲೆಗೆ ಎಣ್ಣೆ ನೀನೇ ಹಚ್ಚು, ಅವಳಿಗೆ ಕೈ ಎತ್ತಕ್ಕಾಗಲ್ಲ. ಕೂದಲಿಗೆ ಸಾಂಬ್ರಾಣಿ ಹೊಗೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಸಂಜೆ ದೃಷ್ಟಿ ತೆಗಿ. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು: ಉಣ್ಣೋವಾಗ ಎದುರಿಗೆ ಕೂತ್ಕೊ.

ಬೇರೆ ಯಾರಾದರೂ ಆಗಿದ್ದರೆ ಹಾಳೆಯಲ್ಲಿದ್ದಂತೆ ಮಾಡುತ್ತಿದ್ದರು, ಇಲ್ಲ ಆಗುವುದಿಲ್ಲ ಎನ್ನುತ್ತಿದ್ದರು. ನಾನು ಆ ಫೋಟೊವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಒಂದೊಂದರ ಮುಂದೂ ಬರೆಯಲು ಕೂತೆ. ಇದಕ್ಕೆ ಕಾರ್ಯ ಇದೆ, ಇದಕ್ಕೆ ಇಲ್ಲ. ಸಾರು ಇರಲಿ. ಬೆಳ್ಳುಳ್ಳಿ ಇರಲಿ. ಸಬ್ಬಸಿಗೆಗೆ ಆಧಾರ ಸಾಲದು, ಆದರೂ ಸೊಪ್ಪು ತಾನೆ, ಇರಲಿ. ಹೊಗೆ ಬೇಡ, ಮಗುವಿಗೆ ಕೆಮ್ಮು ಬರುತ್ತದೆ. ಹತ್ತಿ, ಬಟ್ಟೆ ಬೇಡ, ಇಲ್ಲಿ ಮನೆಗೆ ಹೀಟಿಂಗ್ ಇದೆ. ಎಣ್ಣೆ ನೀರು ಬೇಡ, ಶಾಂಪೂ ಇದೆ. ದೃಷ್ಟಿಯ ಮಾತೇ ಬೇಡ. ಎದುರಿಗೆ ಕೂರುವುದರಲ್ಲಿ ಪೌಷ್ಟಿಕಾಂಶವೇನಿದೆ ಎಂದು ನಕ್ಕು ಅದರ ಮೇಲೂ ಗೆರೆ ಎಳೆದೆ. ಕೊನೆಗೆ ಉಳಿದದ್ದು ಊಟ. ಊಟವನ್ನು ಡಬ್ಬಕ್ಕೆ ಹಾಕಿ ತಲುಪಿಸಬಹುದು. ಅಮ್ಮ ಹೇಳುವುದರಲ್ಲಿ ಮುಕ್ಕಾಲು ಪಾಲು ಅನಗತ್ಯ ಎಂದು ತೀರ್ಮಾನಿಸಿ, ನಾನು ಬಹಳ ಜಾಣ ಎಂದುಕೊಂಡೆ.

ಆರೈಕೆ ಮಾಡಲು ಇನ್ನೊಬ್ಬರ ಮನೆಯೊಳಗೆ ಹೋಗಬಹುದು ಎಂದು ನಿಯಮದಲ್ಲಿತ್ತು. ನಾನು ಅದನ್ನು ಓದಿಯೂ ಇದ್ದೆ. ಆದರೆ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಇಬ್ಬರು ಕನ್ನಡದ ಹುಡುಗರು ಓದಿನ ಜೊತೆಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಂದ ನನಗೆ, ನನ್ನಿಂದ ಪಾಪುವಿಗೆ ಏನಾದರೂ ಅಂಟಿದರೆ ಎಂಬ ಭಯ. ಅದು ನಿಜವಾದ ಭಯವೇ. ಅದರ ಹಿಂದೆ ಹತ್ತೊಂಬತ್ತನೇ ಕರಡಿನ ಚಿಂತೆಯೂ ಇತ್ತು ಎಂಬುದೂ ನಿಜ. ಎರಡನ್ನೂ ಬೇರೆ ಮಾಡಿ ನೋಡುವ ಗೋಜಿಗೆ ನಾನು ಹೋಗಲಿಲ್ಲ.

ದಿನ ಬಿಟ್ಟು ದಿನ ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮಾಡುತ್ತಿದ್ದೆ. ಆ ಅಡುಗೆಯ ಸಾಮಾನು ಹೊಂದಿಸುವುದೇ ಒಂದು ಕರ್ಮ. ಇಲ್ಲಿ ಸಬ್ಬಸಿಗೆಯನ್ನು ಮೀನಿನ ಮೇಲೆ ಉದುರಿಸಲು ಮಾರುತ್ತಾರೆ, ನಾಲ್ಕು ಎಳೆಗೆ ಒಂದು ಪ್ಯಾಕೆಟ್ಟು. ಪಲ್ಯಕ್ಕಾಗುವಷ್ಟು ಬೇಕೆಂದರೆ ಹನ್ನೆರಡು ಪ್ಯಾಕೆಟ್ಟು ಬೇಕು. ಕೌಂಟರಿನ ಹುಡುಗಿ, "ಇಷ್ಟೊಂದು ಮೀನು ತಿಂತೀರಾ?" ಎಂದು ಕೇಳಿದಳು. ಸಾರಿಗೆ ದಪ್ಪ ತಳದ ಪಾತ್ರೆ ಬೇಕಾಗಿತ್ತು. ಅದೇ ಅಂಗಡಿಯಲ್ಲಿ, ಕಣ್ಣೆದುರಿಗೇ ಇತ್ತು. ಆದರೆ ಪಾತ್ರೆಗಳ ಸಾಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಅಗತ್ಯ ವಸ್ತುವಲ್ಲವಂತೆ. ಈ ಕಡೆ ಚಿಪ್ಸು, ಬಿಯರು, ಹೂಗುಚ್ಛ, ಎಲ್ಲ ಸಿಗುತ್ತಿತ್ತು. ಅಕ್ಕಿ ಅಗತ್ಯ, ಅಕ್ಕಿ ಬೇಯಿಸುವ ಪಾತ್ರೆ ಅಗತ್ಯವಲ್ಲ! ಮ್ಯಾನೇಜರನ್ನು ಕರೆಸಿ ವಾದ ಮಾಡಿದೆ. ಆತ ಪಾಪ, "ನಾನು ಮಾಡಿದ ಪಟ್ಟಿ ಅಲ್ಲ ಇದು" ಎಂದ. ಯಾವ ವಸ್ತು ಯಾತಕ್ಕೆ ಎಂಬುದನ್ನು ಎಲ್ಲೋ ಕೂತು ಗೆರೆ ಎಳೆದು ಹೇಳಿಬಿಡುವವರ ಮೇಲೆ ಮನೆ ತಲುಪುವವರೆಗೂ ಹಲ್ಲು ಕಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಅಮ್ಮನ ಹಾಳೆ ಆಗ ನೆನಪಾಗಲಿಲ್ಲ.

ಕ್ಲಾಂಡಾಲ್ಕಿನ್ ತಲುಪಿ, ತಂಗಿಯ ಮನೆ ಮುಂದೆ ಕಾರು ನಿಲ್ಲಿಸಿ, ಮೂರು ಡಬ್ಬಗಳನ್ನು ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಮೊದಲೆರಡು ಸಲ ಅವಳು ಬಾಗಿಲು ತೆಗೆದು ಪಾಪುವಿನ ಮುಖ ತೋರಿಸಿದಳು. ಆಮೇಲೆ ಬೆಲ್ ಒತ್ತಿ ನಿಂತರೆ, "ಪಾಪು ಮಲಗಿದೆ, ಇಟ್ಟು ಹೋಗು ಅಣ್ಣ" ಎಂದು ಫೋನಿಗೆ ಮೆಸೇಜು ಬರುತ್ತಿತ್ತು. ನನಗೂ ಅದೇ ಅನುಕೂಲ. ಹತ್ತೂವರೆಯ ಮೀಟಿಂಗಿಗೆ ವಾಪಸ್ಸು ಬರಬಹುದಿತ್ತು. ಒಂದೇ ಸಿಟ್ಟೆಂದರೆ, ಖಾಲಿ ಡಬ್ಬ ವಾಪಸ್ಸು ಬರುತ್ತಿರಲಿಲ್ಲ. "ಡಬ್ಬ ತೊಳೆದು ಆಚೆ ಇಡು ಮಾರಾಯ್ತಿ, ಮನೇಲಿ ಒಂದೂ ಉಳಿದಿಲ್ಲ" ಎಂದು ಬರೆದೆ. ಹೆಬ್ಬೆರಳಿನ ಚಿತ್ರ ಬಂತು. ಡಬ್ಬ ಬರಲಿಲ್ಲ. ಚಿಕ್ಕಂದಿನಿಂದ ಇವಳು ಹೀಗೇ, ಉಂಡ ತಟ್ಟೆಯನ್ನು ಎತ್ತಿದವಳಲ್ಲ ಎಂದು ಗೊಣಗಿಕೊಂಡು ಐಸ್‌ಕ್ರೀಮಿನ ಡಬ್ಬಗಳಲ್ಲಿ ಸಾರು ತುಂಬಿದೆ.

ಆ ದಿನಗಳಲ್ಲೇ ಒಂದು ಮೀಟಿಂಗಿನಲ್ಲಿ ಎಲ್ಲರೂ ಹೊಸ ಉದಾಹರಣೆ ಬೇಕು ಎಂದು ಪಟ್ಟು ಹಿಡಿದರು. ಹೃದಯವೂ ಕೆಟಲ್ಲೂ ಸಾಕಾಗಿತ್ತು. ನಾನು ಬೇಸತ್ತು, ನಮ್ಮ ಕಡೆಯ ಬಾಣಂತನ ಇದೆಯಲ್ಲ, ಅದನ್ನೇ ತೆಗೆದುಕೊಳ್ಳೋಣ ಎಂದೆ. ಅಮ್ಮನ ಹಾಳೆಯಲ್ಲಿದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದೆ. ಹಬ್ಬದ ಊಟಕ್ಕೆ ಎಲೆ ಹಾಕಿದ ಹಾಗಾಯಿತು. ಜೀವಶಾಸ್ತ್ರದವರು, ಮೆಣಸು ಬೆಳ್ಳುಳ್ಳಿಯಿಂದ ಹಾಲು ಹೆಚ್ಚುತ್ತದೆ ಎನ್ನಲು ಯಾವ ಪ್ರಯೋಗ ನಡೆದಿದೆ ಎಂದರು. ಎಂಜಿನಿಯರಿಂಗಿನವರು ಇದರ ಬಳಕೆದಾರರು ಯಾರು, ತಾಯಿಯೋ ಮಗುವೋ ಎಂದು ಕೇಳಿ ಚೌಕಗಳನ್ನು ಬರೆದು ಬಾಣ ಎಳೆಯತೊಡಗಿದರು. ಸೀಲಿಂಗಿನ ಕೆಳಗಿನ ಹಣೆ, "ಮಾಡಬೇಕಾದವಳು ಅಲ್ಲಿಲ್ಲದೆ ಬರೀ ಸಾಮಾನು ತಲುಪಿದರೂ ಅದನ್ನು ಅದೇ ಹೆಸರಿನಿಂದ ಕರೆಯಬಹುದೆ?" ಎಂದಿತು. ಐವತ್ತು ನಿಮಿಷ ನನ್ನ ತಂಗಿಯ ಸೊಂಟ, ಹಾಲು, ಕೂದಲಿನ ಬಗ್ಗೆ ಚರ್ಚೆ. ನನಗೆ ತಲೆ ಚಿಟ್ಟು ಹಿಡಿಯಿತು. ಯಾಕಾದರೂ ಬಾಯಿ ಬಿಟ್ಟೆನೋ ಎನಿಸಿತು.

ಸಮಾಜಶಾಸ್ತ್ರದವರು ಕೊನೆಯವರೆಗೂ ಸುಮ್ಮನಿದ್ದರು. ಎಲ್ಲರೂ ಹೋದ ಮೇಲೆ ಪರದೆಯಲ್ಲಿ ನಾವಿಬ್ಬರೇ ಉಳಿದಾಗ ಕೇಳಿದರು: "ಈಗ ನಿಮ್ಮ ತಂಗಿಯ ಜೊತೆ ಯಾರಿದ್ದಾರೆ?"

"ದಿನ ಬಿಟ್ಟು ದಿನ ಊಟ ತಲುಪಿಸ್ತಾ ಇದ್ದೀನಿ" ಎಂದೆ.

"ನಾನು ಅದನ್ನ ಕೇಳಲಿಲ್ಲ" ಎಂದರು.

ಬೆಳಗ್ಗೆ ಐದಕ್ಕೆ ಏಳುವವನಿಗೆ ಹೀಗೆ ಹೇಳಿದರೆ ಹೇಗಾಗಬೇಡ? ನೀವು ಬಂದು ಹನ್ನೆರಡು ಪ್ಯಾಕೆಟ್ಟು ಸಬ್ಬಸಿಗೆ ಬಿಡಿಸಿ ನೋಡಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ಮೀಟಿಂಗಿನ ಟಿಪ್ಪಣಿ ಸಂಜೆ ಕಳಿಸುತ್ತೇನೆ ಎಂದು ಹೇಳಿ ಪರದೆ ಮುಚ್ಚಿದೆ.

ತಂಗಿಯ ಗಂಡ ಮೊದಲ ವಾರದ ಕೊನೆಗೆ ಮನೆಗೆ ಬರಬೇಕಿತ್ತು. ಅವನ ಪಕ್ಕದಲ್ಲಿ ಕೆಲಸ ಮಾಡುವವನಿಗೆ ಸೋಂಕು ತಗುಲಿ, ಇವನೂ ಗಾಲ್ವೇಯ ರೂಮಿನಲ್ಲೇ ಬಾಗಿಲು ಹಾಕಿಕೊಂಡು ಕೂರುವಂತಾಯಿತು. ಅವನು ಬಂದದ್ದು ಹದಿನೇಳು ದಿನದ ಮೇಲೆ. ಆ ಶನಿವಾರ ಬೆಳಗ್ಗೆಯೇ ಫೋನ್ ಮಾಡಿದ. ಅವನು ನನ್ನ ಹತ್ತಿರ ಯಾವತ್ತೂ ಹೆಚ್ಚು ಮಾತಾಡಿದವನಲ್ಲ.

"ಭಾವ, ಬೇಜಾರು ಮಾಡ್ಕೋಬೇಡಿ. ಫ್ರಿಜ್ ತೆಗೆದು ನೋಡ್ದೆ. ನೀವು ಕೊಟ್ಟ ಡಬ್ಬ ಎಲ್ಲಾ ಹಾಗೇ ಇದಾವೆ. ಒಂದೆರಡು ತೆಗ್ದಿದಾಳೆ ಅಷ್ಟೇ. ಏನ್ ತಿಂದಿದೀಯ ಅಂದ್ರೆ ಟೋಸ್ಟ್ ಅಂತಾಳೆ. ಮಾತೇ ಆಡ್ತಿಲ್ಲ, ಭಾವ. ನನಗೆ ಭಯ ಆಗ್ತಿದೆ."

ಕಾರು ಹತ್ತಿದೆ. ದಾರಿಯುದ್ದಕ್ಕೂ ನನಗಿದ್ದದ್ದು ಭಯವಲ್ಲ, ಕೋಪ. ಅದನ್ನು ಹೇಳದೆ ಇದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಎಂಟು ಸಲ, ಮೂರು ಮೂರು ಡಬ್ಬ. ಬಾಯಿ ಬಿಟ್ಟು ಬೇಡ ಎಂದಿದ್ದರೆ ನನ್ನ ನಿದ್ದೆಯಾದರೂ ಉಳಿಯುತ್ತಿತ್ತಲ್ಲ ಎಂದು ಕುದಿಯುತ್ತಿದ್ದೆ. ಪಾಪು ಹುಟ್ಟಿದ ಮೇಲೆ ಆವತ್ತೇ ಮೊದಲ ಸಲ ಆ ಮನೆಯೊಳಗೆ ಹೋದೆ. ನೇರವಾಗಿ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ನನ್ನ ಸ್ಟೀಲ್ ಡಬ್ಬಗಳು, ಐಸ್‌ಕ್ರೀಮ್ ಡಬ್ಬಗಳು, ಬಂದ ಕ್ರಮದಲ್ಲೇ ಒಂದರ ಮೇಲೊಂದು ಕೂತಿದ್ದವು. ಒಂದರ ಮುಚ್ಚಳ ತೆಗೆದರೆ ತುಪ್ಪ ಹೆಪ್ಪುಗಟ್ಟಿ ಹುಳಿ ವಾಸನೆ ಹೊಡೆಯಿತು.

ತಂಗಿ ಮೆಟ್ಟಿಲ ಮೇಲೆ ಕೂತಿದ್ದಳು. ಹೆಗಲ ಮೇಲೆ ಪಾಪು ಮಲಗಿತ್ತು. ಕೂದಲು ಜಡೆಗಟ್ಟಿ ಒಂದು ಕಡೆಗೆ ಅಂಟಿಕೊಂಡಿತ್ತು. ನಾನು ಮುಖ ಸರಿಯಾಗಿ ನೋಡುವ ಮುಂಚೆಯೇ ಬಯ್ಯಲು ಶುರುಮಾಡಿದೆ. "ಏನೇ ಇದು? ಯಾರಿಗೆ ಮಾಡ್ಕೊಂಡ್ ಬಂದೆ ಇದನ್ನೆಲ್ಲ? ಬೇಡ ಅಂತ ಒಂದ್ ಮೆಸೇಜ್ ಹಾಕಕ್ಕೆ ಏನಾಗಿತ್ತು ನಿಂಗೆ?"

ಹುಟ್ಟಿದಾಗಿನಿಂದ ನನ್ನ ಒಂದು ಮಾತಿಗೆ ಹತ್ತು ಮಾತು ಆಡಿದವಳು ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: "ಚೆನ್ನಾಗೇ ಇತ್ತು ಅಣ್ಣ, ಮೊದಲನೇ ದಿನದ್ದು ತಿಂದೆ. ಒಬ್ಬಳೇ ಕೂತು ತಿನ್ನಕ್ಕಾಗಲ್ಲ. ಬಾಯಿಗೆ ಹೋಗಲ್ಲ."

ಅವಳ ಗಂಡ ಅಮ್ಮನಿಗೆ ವಿಡಿಯೊ ಕರೆ ಮಾಡಿ ಫೋನನ್ನು ಟೋಸ್ಟರಿಗೆ ಒರಗಿಸಿಟ್ಟಿದ್ದ. ಅಮ್ಮ ಮಗಳನ್ನು ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎದುರಿಗೆ ಕೂತ್ಕೊತಿದ್ಯೇನೋ?" ಎಂದು ಕೇಳಿದರು. "ಬರ್ದಿದ್ನಲ್ಲೋ, ಕೊನೇಲಿ? ಜಾಗ ಇರ್ಲಿಲ್ಲ ಅಂತ ಪಕ್ಕದಲ್ಲಿ ಬರ್ದಿದ್ದೆ. ಕಾಣ್ಲಿಲ್ವಾ?"

ಕಾಣಲಿಲ್ಲ ಎಂದು ಸುಳ್ಳು ಹೇಳಿದೆ. ಕಂಡಿತ್ತು, ಕಂಡೇ ಗೆರೆ ಎಳೆದಿದ್ದೆ ಎಂದು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಆವತ್ತು ಅಲ್ಲೇ ಅನ್ನ ಸಾರು ಮಾಡಿದೆ. ತಟ್ಟೆ ಮುಂದಿಟ್ಟುಕೊಂಡು ಅವಳು ಕೂತಳು, ಎದುರಿಗೆ ನಾನು ಕೂತೆ. ಕೂತು ಏನು ಮಾಡಬೇಕು ಎಂದು ನನಗೆ ತಿಳಿಯಲಿಲ್ಲ. ಅಮ್ಮ ಕೂತಾಗ ಏನು ಮಾಡುತ್ತಾರೆ ಎಂದು ನೆನೆಸಿಕೊಂಡು, "ಇನ್ನೊಂದ್ ತುತ್ತು" ಎಂದೆ. ಅವಳು ತಿಂದಳು. "ಸಾರು ಹಾಕ್ಲಾ?" ಎಂದೆ. ಹಾಕು ಎಂದಳು. ಸಬ್ಬಸಿಗೆ ನೋಡಿ ಕೌಂಟರಿನ ಹುಡುಗಿ ಮೀನಿನ ಮಾತು ತೆಗೆದ ಕತೆ, ಮ್ಯಾನೇಜರಿನ ಜೊತೆ ಪಾತ್ರೆಗಾಗಿ ಆಡಿದ ಜಗಳದ ಕತೆ ಹೇಳಿದೆ. ಪಾತ್ರೆಯ ಕತೆಗೆ ಅವಳ ತುಟಿ ಸ್ವಲ್ಪ ಅಲುಗಿತು. ಒಂದು ತಟ್ಟೆ ಅನ್ನ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

ವಾಪಸ್ಸು ಬರುವಾಗ ಹೊಳೆದ ಒಂದು ವಿಷಯಕ್ಕೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ನನ್ನ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿ. ಒಂದು ವರ್ಷದಿಂದ ಯಾವ ಕಚೇರಿಯ ಮುಖವನ್ನೂ ನೋಡಿರಲಿಲ್ಲ. ಆ ಕೆಲಸವನ್ನು ಮೇನೂತ್‌ನ ರೂಮಿನಲ್ಲೇ ಕೂತು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನವೇ ಪರೀಕ್ಷೆ ಮಾಡಿಸಿಕೊಂಡು, ಚೀಲ ಹೊತ್ತು ಅವಳ ಮನೆಗೆ ಹೋಗಿ ಇದ್ದುಬಿಡಬಹುದಿತ್ತು. ನಾಲ್ಕು ಶಾಸ್ತ್ರಗಳನ್ನು ಒಂದು ಪುಟಕ್ಕೆ ಇಳಿಸಲು ಹೊರಟವನಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ಸೋಂಕಿಲ್ಲ ಎಂಬ ಫಲಿತಾಂಶ ಕೈಗೆ ಬಂದ ದಿನ ಸೂಟ್‌ಕೇಸು ಹಾಕಿಕೊಂಡು ಹೊರಟೆ. ಲೂಕನ್ ಹತ್ತಿರ ಅದೇ ಗಾರ್ಡ. ಪಕ್ಕದ ಸೀಟು ಖಾಲಿ ಇದ್ದದ್ದನ್ನು ನೋಡಿ, "ಇವತ್ತು ಊಟ ಎಲ್ಲಿ?" ಎಂದರು. ಇವತ್ತು ಊಟ ಇಲ್ಲ, ಅಲ್ಲೇ ಇರಲು ಹೋಗುತ್ತಿದ್ದೇನೆ ಎಂದೆ. ಏನು ಮಾಡುವುದಕ್ಕೆ ಎಂದು ಕೇಳಿದರು. ಆ ಪ್ರಶ್ನೆಗೆ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ತಂಗಿಯ ತಲೆಗೆ ಎಣ್ಣೆ ಹಚ್ಚುವುದಕ್ಕೆ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಹಿಂದೆ ಕಾರುಗಳು ಸಾಲುಗಟ್ಟಿದ್ದವು, ಕೈ ಬೀಸಿದರು.

ಆರು ವಾರ ಇದ್ದೆ. ಅಮ್ಮನ ಹಾಳೆಯನ್ನು ಮತ್ತೆ ತೆರೆದು, ಎಳೆದ ಗೆರೆಗಳನ್ನು ಅಳಿಸಿ, ಒಂದೊಂದನ್ನೂ ಮಾಡಿದೆ. ಸುಲಭವೇನಿರಲಿಲ್ಲ. ಎಣ್ಣೆ ಹೆಚ್ಚಾಗಿ ಬಾತ್‌ರೂಮಿನ ನೆಲ ಜಾರಿ ನಾನೇ ಬಿದ್ದೆ. ಸಾಂಬ್ರಾಣಿಯ ಮೊದಲ ಹೊಗೆಗೇ ಮನೆಯ ಅಲಾರಂ ಕಿರುಚಿಕೊಂಡು, ಪಾಪು ಕಿರುಚಿಕೊಂಡು, ನಾನು ಟವೆಲು ಬೀಸುತ್ತ ಕುರ್ಚಿ ಹತ್ತಿದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ "ನೀವೆಲ್ಲ ಗ್ರ್ಯಾಂಡಾ?" ಎಂದು ಕೂಗಿದರು. ಆಮೇಲೆ ಪಾಪುವನ್ನು ಮಹಡಿಯಲ್ಲಿ ಮಲಗಿಸಿ ಹೊಗೆಯ ಕೆಲಸವನ್ನು ಹಿತ್ತಲ ಬಾಗಿಲಿಗೆ ಸಾಗಿಸಿದೆವು. ಮನೆಗೆ ಬಂದು ನೋಡುವ ಸರ್ಕಾರಿ ನರ್ಸಮ್ಮ ತಂಗಿಯ ಜೊತೆ ಬಹಳ ಹೊತ್ತು ಮಾತಾಡಿ, ಡಾಕ್ಟರಿಗೂ ತೋರಿಸಿ ಎಂದರು. ತೋರಿಸಿದೆವು. ಔಷಧಿಯೂ ಬಂತು, ನಿದ್ದೆಯೂ ಸ್ವಲ್ಪ ಬಂತು. ಯಾವುದರಿಂದ ಎಷ್ಟು ವಾಸಿಯಾಯಿತು ಎಂದು ನನ್ನನ್ನು ಕೇಳಬೇಡಿ. ಜೀವಶಾಸ್ತ್ರದವರು ಕೇಳಿದರು, ನಾನು ಹೇಳಲಿಲ್ಲ.

ಮೀಟಿಂಗುಗಳು ಈಗ ತಂಗಿಯ ಅಡುಗೆಮನೆಯಿಂದ ನಡೆದವು. ಪುಟದಲ್ಲಿ ಕೊನೆಗೆ ನಾನು ಒಂದು ವಾಕ್ಯ ಸೇರಿಸಿದೆ. ಒಂದು ವಸ್ತು ಯಾತಕ್ಕಿದೆ ಎಂದು ಹೇಳುವ ಮುಂಚೆ, ಅದು ಇಲ್ಲವಾದಾಗ ಯಾರಿಗೆ ಏನಾಯಿತು ಎಂದು ಹೋಗಿ ನೋಡಬೇಕು. ಎಂಜಿನಿಯರಿಂಗಿನವರು ಇದು ವ್ಯಾಖ್ಯೆಯಲ್ಲ ಎಂದರು. ಜೀವಶಾಸ್ತ್ರದವರು 'ಹೋಗಿ' ತೆಗೆದರೆ ಒಪ್ಪುತ್ತೇನೆ ಎಂದರು. ತೆಗೆಯಲ್ಲ ಎಂದೆ. ಕಡೆಗೆ ಪುಟಕ್ಕೆ ಇಬ್ಬರ ಒಪ್ಪಿಗೆ ಮಾತ್ರ ಬಿತ್ತು. ಯೋಜನೆ ಅಲ್ಲಿಗೆ ಮುಗಿಯಿತು. ನನಗೆ ಅಷ್ಟೇನೂ ದುಃಖವಾಗಲಿಲ್ಲ.

ನಾನು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಹಿತ್ತಲ ಬಾಗಿಲಲ್ಲಿ ತಂಗಿಯ ಕೂದಲಿಗೆ ಹೊಗೆ ಹಿಡಿಯುತ್ತಿದ್ದೆ. ಅಷ್ಟು ಹೊತ್ತಿಗೆ ಅವಳು ನನ್ನ ಒಂದು ಮಾತಿಗೆ ಕನಿಷ್ಠ ಐದಾದರೂ ಆಡುವಂತಾಗಿದ್ದಳು. ನನ್ನ ಸಾರಿಗೆ ಹೆಸರಿಟ್ಟಳು, ಡಬ್ಬಗಳನ್ನು ಮರೆಯದೆ ತೆಗೆದುಕೊಂಡು ಹೋಗು ಎಂದು ರೇಗಿಸಿದಳು. ಆಮೇಲೆ, ತಲೆ ಬಗ್ಗಿಸಿಕೊಂಡೇ, ಯಾವುದೋ ಹಳೇ ವಿಷಯ ಹೇಳುವವಳ ಹಾಗೆ ಹೇಳಿದಳು.

"ಪಾಪು ಮಲಗಿದೆ ಅಂತ ಮೆಸೇಜ್ ಹಾಕ್ತಿದ್ನಲ್ಲ, ಸುಳ್ಳು ಅಣ್ಣ. ನನ್ನ ಅವತಾರ ನೀನು ನೋಡ್ಬಾರ್ದು ಅಂತ ಹಾಕ್ತಿದ್ದೆ. ಮೇಲಿನ ಕಿಟಕೀಲಿ ನಿಂತಿರ್ತಿದ್ದೆ, ಪಾಪುನ ಎತ್ಕೊಂಡು. ನೀನು ಡಬ್ಬ ಇಡೋದು, ಬೆಲ್ ಒತ್ತೋದು, ಹಿಂದೆ ಹೋಗಿ ನಿಲ್ಲೋದು, ಫೋನ್ ನೋಡೋದು, ಹೋಗೋದು. ಕಾರು ತಿರುಗಿಸೋವರ್ಗೂ ನೋಡ್ತಿದ್ದೆ. ಮೇಲೆ ನೋಡಿದ್ರೆ ಕೆಳಗೆ ಬಂದು ಬಾಗಿಲು ತೆಗೆಯೋಣ ಅಂದ್ಕೊಳ್ತಿದ್ದೆ. ಒಂದು ಸಲನೂ ನೋಡ್ಲಿಲ್ಲ ನೀನು."

ಹೊಗೆ ಕಣ್ಣಿಗೆ ಬಂತು ಎಂದು ಅತ್ತೆ. ಅವಳಿಗೆ ಗೊತ್ತಾಯಿತು.

ಈಗ ಪಾಪು ಶಾಲೆಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಯಾರ ಮನೆಗೆ ಏನು ಕೊಡಲು ಹೋದರೂ, ಬೆಲ್ ಒತ್ತಿದ ಮೇಲೆ ನಾನು ಒಂದು ಸಲ ತಲೆ ಎತ್ತಿ ಮೇಲಿನ ಕಿಟಕಿ ನೋಡುತ್ತೇನೆ. "ವೈ ಆರ್ ಯೂ ಲುಕಿಂಗ್ ಅಪ್, ಮಾಮ?" ಎಂದು ಜೊತೆಗಿದ್ದಾಗಲೆಲ್ಲ ಅವಳು ಕೇಳುತ್ತಾಳೆ. ಅಲ್ಲಿ ಯಾರೂ ಇರುವುದಿಲ್ಲ, ಆದರೂ ನೋಡುತ್ತೇನೆ.